ಗೋಡೆಯ ಈ ಪಾಯಿಂಟ್ ಫೋನಿನದೋ, ನೆಟ್‌ವರ್ಕಿನದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಮನೆ, ಆಫೀಸು, ಉದ್ಯಮಬಾಗದ ಕಾರ್ಖಾನೆಗಳಿಗೆ ಕೇಬಲ್ ಎಳೆಯುವುದು ನನ್ನ ಕೆಲಸ. ಬಾಗಲಕೋಟೆ, ವಿಜಯಪುರದಿಂದಲೂ ಕರೆ ಬರುತ್ತವೆ. "ಹೊಸ ಕೇಬಲ್ ಎಳೀಬೇಕ್ರಿ" ಅಂತ ಕರೆಸಿದ ಮನೆಯಲ್ಲಿ ಎಷ್ಟೋ ಸಲ ಗೋಡೆಯೊಳಗೆ ಕೇಬಲ್ ಮೊದಲೇ ಇರುತ್ತದೆ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಹಾಕಿದವರು ಚೀಟಿ ಹಚ್ಚಿರುವುದಿಲ್ಲ, ಮನೆ ಕಟ್ಟಿಸಿದವರಿಗೆ ನೆನಪಿರುವುದಿಲ್ಲ. ಫೋನಿನಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಓದಿ ನೀವೇ ಮಾಡಿಕೊಂಡರೆ ನನ್ನ ಒಂದು ಹೊತ್ತಿನ ಕೂಲಿ ಹೋಗುತ್ತದೆ. ಹೋಗಲಿ ಬಿಡಿ.

ನೋಡಿದ ತಕ್ಷಣ ಗೊತ್ತಾಗುವುದಿಲ್ವಾ?

ಅರ್ಧ ಗೊತ್ತಾಗುತ್ತದೆ. ಫೋನಿನ ಸಾಕೆಟ್ ಸಣ್ಣದು, ಅದಕ್ಕೆ ಆರ್‌ಜೆ 11 ಅನ್ನುತ್ತಾರೆ. ಒಳಗೆ ಎರಡೋ ನಾಲ್ಕೋ ಚಿನ್ನದ ಬಣ್ಣದ ಕಡ್ಡಿಗಳಿರುತ್ತವೆ. ನೆಟ್‌ವರ್ಕಿನ, ಅಂದರೆ ಕಂಪ್ಯೂಟರ್-ಇಂಟರ್ನೆಟ್ಟಿನ ಸಾಕೆಟ್ ಅಗಲ, ಅದು ಆರ್‌ಜೆ 45. ಒಳಗೆ ಎಂಟು ಕಡ್ಡಿ. ಮೊಬೈಲಿನ ಟಾರ್ಚ್ ಹಚ್ಚಿ ಎಣಿಸಿ. ಇನ್ನೂ ಹಳೆಯ ಮನೆಯಾದರೆ ಎರಡೂ ಇರುವುದಿಲ್ಲ. ಎರಡು ಸ್ಕ್ರೂಗಳಿಗೆ ವೈರ್ ಸುತ್ತಿದ ರೋಸೆಟ್ ಡಬ್ಬಿ ಇರುತ್ತದೆ. ಅದು ಫೋನಿನದೇ, ಅನುಮಾನ ಬೇಡ.

ಉಳಿದರ್ಧದಲ್ಲೇ ಎಲ್ಲರೂ ಮೋಸ ಹೋಗುವುದು. ಅಗಲವಾದ ಸಾಕೆಟ್ ಇದೆ ಅಂದಮಾತ್ರಕ್ಕೆ ಅದು ನೆಟ್‌ವರ್ಕಿನದು ಅಂತಲ್ಲ. ತಿಲಕವಾಡಿಯ ಒಂದು ಬಂಗಲೆಯಲ್ಲಿ ಎಲ್ಲ ಕೋಣೆಗೂ ಒಂದೇ ತರಹದ ಆರ್‌ಜೆ 45 ಸಾಕೆಟ್ ಇದ್ದವು. ನೋಡಲು ಚೆಂದ. ಬಿಚ್ಚಿದರೆ ಆರರಲ್ಲಿ ನಾಲ್ಕು ಫೋನಿಗೆ ಹೋಗುತ್ತಿದ್ದವು, ಒಂದು ಗೇಟಿನ ಇಂಟರ್‌ಕಾಮ್‌ಗೆ. ಆರನೆಯದರ ಹಿಂದೆ ಕೇಬಲ್ಲೇ ಇರಲಿಲ್ಲ! ಗೋಡೆಯಲ್ಲಿ ಕಾಣುವುದು ಒಂದು ತುದಿ. ಸಾಕೆಟ್ ಯಾವುದು ಅಂತ ತೀರ್ಮಾನ ಆಗುವುದು ಆ ಕಡೆಯ ತುದಿಯಲ್ಲಿ.

ಪ್ಲೇಟ್ ಬಿಚ್ಚಿ ನೋಡಬಹುದಾ?

ಬಿಚ್ಚಿ. ಆದರೆ ಮೊದಲು ಆ ಬೋರ್ಡಿನ ಕರೆಂಟ್ ಕಡಿಯುವ ಎಂಸಿಬಿ ಇಳಿಸಿ. ಈಗಿನ ಮಾಡ್ಯುಲರ್ ಬೋರ್ಡುಗಳಲ್ಲಿ ಫ್ಯಾನಿನ ಸ್ವಿಚ್ಚು, 6 ಆಂಪಿಯರ್ ಸಾಕೆಟ್, ನೆಟ್‌ವರ್ಕ್ ಜ್ಯಾಕ್ ಮೂರೂ ಒಂದೇ ಚೌಕಟ್ಟಿನಲ್ಲಿ ಕೂತಿರುತ್ತವೆ. 230 ವೋಲ್ಟಿನ ವೈರೂ ಡೇಟಾ ವೈರೂ ಒಂದೇ ಡಬ್ಬಿಯಲ್ಲಿ. ಹಾಗೆ ಇರಬಾರದು, ಆದರೆ ಇರುತ್ತವೆ. ಎಂಸಿಬಿ ಇಳಿಸಿದ ಮೇಲೂ ಟೆಸ್ಟರ್ ಹಿಡಿದು ನೋಡಿ. ಹಳೆಯ ಮನೆಗಳಲ್ಲಿ ಯಾವ ಎಂಸಿಬಿ ಯಾವುದಕ್ಕೆ ಅನ್ನುವುದೇ ಇನ್ನೊಂದು ಕಗ್ಗಂಟು.

ಬಿಚ್ಚಿದ ಮೇಲೆ ಎರಡು ವಿಷಯ ನೋಡಬೇಕು. ಒಂದು, ಎಷ್ಟು ವೈರು ಜ್ಯಾಕಿಗೆ ಕೂತಿವೆ. ಎಂಟು ವೈರೂ ಅವುಗಳ ಜಾಗದಲ್ಲಿ ಕೂತಿದ್ದರೆ ನೆಟ್‌ವರ್ಕ್ ಇರಬಹುದು. ನೀಲಿ ಮತ್ತು ಬಿಳಿ-ನೀಲಿ ಎರಡೇ ಕೂತು ಉಳಿದ ಆರು ವೈರು ಹಿಂದಕ್ಕೆ ಸುತ್ತಿ ಬಿಟ್ಟಿದ್ದರೆ ಅದು ಫೋನು. ಎಂಟು ಕಡ್ಡಿಯ ಜ್ಯಾಕಿನಲ್ಲಿ ನಡುವಿನ 4 ಮತ್ತು 5ನೇ ಕಡ್ಡಿಗೆ ಈ ನೀಲಿ ಜೋಡಿ ಬರುತ್ತದೆ. ಫೋನಿನ ಸಣ್ಣ ಪ್ಲಗ್ಗಿನ ನಡುವಿನ ಎರಡು ಕಡ್ಡಿಗಳಿಗೂ ಅವೇ ತಾಗುತ್ತವೆ.

ಎರಡನೆಯದು ಇನ್ನೂ ಮುಖ್ಯ: ಡಬ್ಬಿಯೊಳಗೆ ಎಷ್ಟು ಕೇಬಲ್ ಬಂದಿವೆ. ನೆಟ್‌ವರ್ಕ್ ಆದರೆ ಪ್ರತಿ ಸಾಕೆಟ್ಟಿಗೂ ತನ್ನದೇ ಒಂದು ಕೇಬಲ್, ಎಲ್ಲವೂ ಹೋಗಿ ಒಂದೇ ಕಡೆ ಸೇರುತ್ತವೆ. ಫೋನ್ ಆದರೆ ಹಾಲ್‌ನಿಂದ ಬೆಡ್‌ರೂಮಿಗೆ, ಅಲ್ಲಿಂದ ಮೇಲಿನ ಕೋಣೆಗೆ, ಹೂವಿನ ಮಾಲೆ ಕಟ್ಟಿದ ಹಾಗೆ ಒಂದೇ ಜೋಡಿ ವೈರು ಮುಂದೆ ಮುಂದೆ ಹೋಗಿರುತ್ತದೆ. ಒಂದು ಡಬ್ಬಿಯಲ್ಲಿ ಎರಡು ಕೇಬಲ್ ಸೇರಿ ಒಂದೇ ಸ್ಕ್ರೂವಿಗೆ ಸುತ್ತಿದ್ದರೆ ಅದು ಫೋನಿನ ಮಾಲೆ ಅಂತ ತಿಳಿಯಿರಿ.

ವೈರು ಬಿಚ್ಚುವ ಮುಂಚೆ ಒಂದು ಫೋಟೊ ತೆಗೆದುಕೊಳ್ಳಿ. ಮತ್ತೆ ಜೋಡಿಸುವಾಗ ನನ್ನನ್ನು ನೆನೆಸುತ್ತೀರಿ.

ನನ್ನ ಹತ್ತಿರ ಬರೀ ಒಂದು ಹಳೆಯ ವೈರ್ ಫೋನ್ ಇದೆ. ಅದರಿಂದ ಏನಾದರೂ ಆಗುತ್ತದಾ?

ಬೇಕಾದಷ್ಟು. ಶಹಾಪುರದ ಒಬ್ಬ ಅಜ್ಜಿ ಅಟ್ಟದಿಂದ ಕೆಂಪು ಫೋನ್ ಇಳಿಸಿಕೊಟ್ಟು, "ತಮ್ಮಾ, ಇದರಿಂದ ನೋಡು" ಅಂದಿದ್ದರು. ಅವತ್ತು ನನ್ನ ಮೀಟರ್ ಬ್ಯಾಗಿನಿಂದ ಹೊರಗೇ ಬರಲಿಲ್ಲ.

ಫೋನ್ ಹಚ್ಚಿ, ರಿಸೀವರ್ ಎತ್ತಿ. ಗುಂಯ್ ಅನ್ನುವ ಡಯಲ್ ಟೋನ್ ಬಂದರೆ ಅದು ಜೀವಂತ ಫೋನ್ ಲೈನ್. ಆಮೇಲೆ ನಿಮ್ಮ ಮೊಬೈಲಿಗೇ ಕರೆ ಮಾಡಿ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಒತ್ತಬೇಕು, 2021ರ ಜನವರಿ 15ರಿಂದ ಈ ನಿಯಮ ಇದೆ. ಇದನ್ನು ಮರೆತು "ಲೈನ್ ಸತ್ತೈತ್ರಿ" ಅಂದವರು ಸುಮಾರು ಜನ. ಮೊಬೈಲ್ ಪರದೆಯಲ್ಲಿ ಬೆಳಗಾವಿಯ 0831, ಬಾಗಲಕೋಟೆಯ 08354, ವಿಜಯಪುರದ 08352, ಇವುಗಳ ಜೊತೆ ಪೂರ್ತಿ ನಂಬರ್ ಬರುತ್ತದೆ. ಎರಡು ಲೈನ್ ಇರುವ ಅಂಗಡಿಗಳಲ್ಲಿ ಯಾವ ಸಾಕೆಟ್ ಯಾವ ನಂಬರಿನದು ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಟೋನ್ ಬರುತ್ತದೆ, ಆದರೆ ಹೊರಗೆ ಕರೆ ಹೋಗುವುದಿಲ್ಲ ಅಂದರೆ ಅದು ಒಳಗಿನ ಎಕ್ಸ್‌ಟೆನ್ಶನ್ ಇರಬಹುದು. ಆಫೀಸು, ಲಾಡ್ಜು, ಆಸ್ಪತ್ರೆಗಳಲ್ಲಿ ಇಪಿಎಬಿಎಕ್ಸ್ ಅಂತ ಒಳಗಿನದೇ ಸಣ್ಣ ಎಕ್ಸ್‌ಚೇಂಜ್ ಇರುತ್ತದಲ್ಲ, ಅದರದು. ಹೊರಗಿನ ಲೈನಿಗಾಗಿ ಮೊದಲು 0 ಅಥವಾ 9 ಒತ್ತಿ ನೋಡಿ. ಒತ್ತಿದಾಗ ಟೋನ್ ಬದಲಾದರೆ ಸಿಕ್ಕಿತು.

ಒಂದು ಎಚ್ಚರಿಕೆ. ಫೋನಿನ ಸಣ್ಣ ಪ್ಲಗ್ ಅಗಲದ ಸಾಕೆಟ್ಟಿನಲ್ಲೂ ಕೂರುತ್ತದೆ. ಆದರೆ ಪ್ಲಗ್ಗಿನ ಎರಡೂ ಅಂಚಿನ ಪ್ಲಾಸ್ಟಿಕ್, ಸಾಕೆಟ್ಟಿನ 1 ಮತ್ತು 8ನೇ ಕಡ್ಡಿಯನ್ನು ಒತ್ತಿ ಬಾಗಿಸಬಹುದು. ಒಮ್ಮೆ ಮೆಲ್ಲಗೆ ಹಚ್ಚಿ ತೆಗೆದರೆ ಪರವಾಗಿಲ್ಲ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಆ ಸಾಕೆಟ್ ಆಮೇಲೆ ನೆಟ್‌ವರ್ಕಿಗೆ ಸರಿಯಾಗಿ ತಾಗುವುದಿಲ್ಲ.

ಮಲ್ಟಿಮೀಟರ್ ಇದೆ. ಎಷ್ಟು ವೋಲ್ಟ್ ಬಂದರೆ ಏನು ಅರ್ಥ?

ಮೀಟರನ್ನು ಡಿಸಿ 200 ವೋಲ್ಟಿಗೆ ಇಡಿ. ನಡುವಿನ ಜೋಡಿಯ ಎರಡು ವೈರಿಗೆ ಮೀಟರಿನ ಎರಡು ಕಡ್ಡಿ ಹಚ್ಚಿ. 48ರ ಆಸುಪಾಸು ಬಂದರೆ ಎಕ್ಸ್‌ಚೇಂಜಿನ ಫೋನ್ ಲೈನ್, ಯಾರೂ ರಿಸೀವರ್ ಎತ್ತಿಲ್ಲ. ಮೈನಸ್ ಗುರುತು ಬಂದರೆ ಮೀಟರಿನ ಕಡ್ಡಿ ತಿರುಗುಮುರುಗಾಗಿದೆ ಅಷ್ಟೇ. ಈಗ ಇನ್ನೊಂದು ಕೋಣೆಯಲ್ಲಿ ಯಾರಾದರೂ ಫೋನ್ ಎತ್ತಲಿ. ವೋಲ್ಟೇಜ್ ಧಡ್ಡನೆ 10ರ ಒಳಗೆ ಬಿದ್ದರೆ ಆ ಎರಡು ಸಾಕೆಟ್ ಒಂದೇ ಲೈನಿನವು. ಯಾವ ಕೋಣೆಗಳು ಒಂದೇ ಮಾಲೆಯಲ್ಲಿವೆ ಅಂತ ನೋಡಲು ನಾನು ಇದನ್ನೇ ಮಾಡುತ್ತೇನೆ. ಇಪಿಎಬಿಎಕ್ಸ್ ಎಕ್ಸ್‌ಟೆನ್ಶನ್ ಆದರೆ 24ರ ಸುತ್ತಮುತ್ತ ಬರುವುದೂ ಉಂಟು.

ಸೊನ್ನೆ ಬಂದರೆ? ಸತ್ತ ಫೋನ್ ಲೈನ್ ಇರಬಹುದು, ನೆಟ್‌ವರ್ಕ್ ಇರಬಹುದು, ಆ ಕಡೆ ಏನೂ ಇಲ್ಲದೆಯೂ ಇರಬಹುದು. ಸೊನ್ನೆಯಿಂದ ಏನೂ ತೀರ್ಮಾನ ಮಾಡಬೇಡಿ.

ಇಲ್ಲೊಂದು ತೊಡಕು ಇದೆ. ಸಿಸಿಟಿವಿ ಕ್ಯಾಮರಾ, ಮಾಳಿಗೆಯ ಮೇಲಿನ ವೈರ್‌ಲೆಸ್ ಡಬ್ಬಿಗಳಿಗೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕಳಿಸುತ್ತಾರೆ, ಅದಕ್ಕೆ ಪಿಒಇ ಅನ್ನುತ್ತಾರೆ. 2003ರಲ್ಲಿ ಬಂದ ಸ್ಟ್ಯಾಂಡರ್ಡ್ ಪಿಒಇ ಜಾಣ. ಆ ಕಡೆ ಸರಿಯಾದ ಉಪಕರಣ ಇದೆಯಾ ಅಂತ ಸಣ್ಣ ವೋಲ್ಟೇಜಿನಿಂದ ಮೊದಲು ತಟ್ಟಿ ನೋಡಿ, ಆಮೇಲೆ ಕರೆಂಟ್ ಬಿಡುತ್ತದೆ. ಹಾಗಾಗಿ ನಿಮ್ಮ ಮೀಟರಿಗೆ ಅದು ಸ್ಥಿರವಾದ 48 ತೋರಿಸುವುದಿಲ್ಲ. ಅಗ್ಗದ ಪ್ಯಾಸಿವ್ ಪಿಒಇ ಹಾಗಲ್ಲ. ಕೇಳದೆ ಕೇಳಿಸದೆ 24 ಅಥವಾ 48 ವೋಲ್ಟ್ ಸದಾ ಸುರಿಯುತ್ತಲೇ ಇರುತ್ತದೆ. ಫೋನಿಗೂ ಇದಕ್ಕೂ ವ್ಯತ್ಯಾಸ ಹೀಗೆ: ಫೋನಿನ ವೋಲ್ಟೇಜ್ 4 ಮತ್ತು 5ರ ನಡುವೆ ಸಿಗುತ್ತದೆ. ಪ್ಯಾಸಿವ್ ಪಿಒಇ ಸಾಮಾನ್ಯವಾಗಿ 4-5 ಜೋಡಿಗೂ 7-8 ಜೋಡಿಗೂ ನಡುವೆ ಸಿಗುತ್ತದೆ, 4 ಮತ್ತು 5ರ ನಡುವೆ ನೋಡಿದರೆ ಸೊನ್ನೆ. ಅಂಥ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಹಚ್ಚಬೇಡಿ.

ಫೋನ್ ವೈರಿನಿಂದ ಶಾಕ್ ಹೊಡೆಯುತ್ತದಾ?

48 ವೋಲ್ಟ್ ಒಣ ಕೈಗೆ ಗೊತ್ತಾಗುವುದೂ ಕಷ್ಟ. ಆದರೆ ನೀವು ವೈರ್ ಹಿಡಿದ ಹೊತ್ತಿಗೇ ಯಾರೋ ಕರೆ ಮಾಡಿದರೆ ರಿಂಗಿಗಾಗಿ ಸುಮಾರು 75 ವೋಲ್ಟ್ ಎಸಿ ಬರುತ್ತದೆ. ಅದು ಚುರ್ ಅನ್ನಿಸುತ್ತದೆ. ಏಣಿಯ ಮೇಲೆ ನಿಂತಿದ್ದಾಗ ನನಗೆ ಹೀಗೆ ಒಮ್ಮೆ ಆಗಿದೆ. ಶಾಕ್‌ಗಿಂತ ಬೆಚ್ಚಿದ್ದೇ ಜಾಸ್ತಿ. ಬೇಸಿಗೆಯ ಕೊನೆಗೆ ಅಡ್ಡಮಳೆ ಗುಡುಗುವಾಗ ಮಾತ್ರ ತಾಮ್ರದ ಯಾವ ಲೈನನ್ನೂ ಮುಟ್ಟಬೇಡಿ.

ಲ್ಯಾಪ್‌ಟಾಪ್ ಹಚ್ಚಿ ನೋಡಿದರೆ ಆಗಲ್ವಾ?

ಆಗುತ್ತದೆ, ಆದರೆ ಮೀಟರ್ ಪರೀಕ್ಷೆ ಆದ ಮೇಲೆ. ಪ್ಯಾಚ್ ಕಾರ್ಡ್, ಅಂದರೆ ಎರಡೂ ತುದಿಗೆ ಪ್ಲಗ್ ಇರುವ ತುಂಡು ಕೇಬಲ್, ಹಚ್ಚಿದಾಗ ಜ್ಯಾಕ್ ಪಕ್ಕದ ಸಣ್ಣ ಲೈಟ್ ಹತ್ತಿದರೆ ಆ ಕಡೆ ನೆಟ್‌ವರ್ಕ್ ಸ್ವಿಚ್ಚೋ (ಹಲವು ಕೇಬಲ್ ಸೇರಿಸುವ ಡಬ್ಬಿ, ಲೈಟಿನ ಸ್ವಿಚ್ಚಲ್ಲ) ರೌಟರೋ ಇದೆ, ಅದಕ್ಕೆ ಕರೆಂಟೂ ಇದೆ. ಲೈಟ್ ಹತ್ತದಿದ್ದರೆ ಸಾಕೆಟ್ ಕೆಟ್ಟಿದೆ ಅನ್ನಬೇಡಿ. ಆ ತುದಿ ರ‍್ಯಾಕಿನಲ್ಲಿ ಸುಮ್ನೆ ನೇತಾಡುತ್ತಿರಬಹುದು.

ಆಫೀಸಾದರೆ ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳದೆ ಹಚ್ಚಬೇಡಿ. ಬಿಡಿ ತುದಿ ಕಂಡರೆ ಹಚ್ಚುವ ಚಟವೂ ಬೇಡ. ಕ್ಯಾಂಪ್ ಕಡೆಯ ಒಂದು ಆಫೀಸಿನಲ್ಲಿ ಬೆಳಿಗ್ಗೆಯಿಂದ ಇಡೀ ನೆಟ್‌ವರ್ಕ್ ಮಲಗಿತ್ತು. ಹಿಂದಿನ ಸಂಜೆ ಕಸ ಗುಡಿಸುವಾಗ ಯಾರೋ ನೆಲದಲ್ಲಿ ಬಿದ್ದಿದ್ದ ಪ್ಯಾಚ್ ಕಾರ್ಡಿನ ತುದಿಯನ್ನು ಅಚ್ಚುಕಟ್ಟಾಗಿ ಪಕ್ಕದ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಎರಡೂ ತುದಿ ಒಂದೇ ಸ್ವಿಚ್ಚಿಗೆ ಹೋಗಿ, ಡೇಟಾ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಎರಡು ತಾಸು ಹುಡುಕಿದೆ. ಕಿತ್ತಿದ್ದು ಎರಡು ಸೆಕೆಂಡು.

ಲೈಟ್ ಬಂತು, ಇಂಟರ್ನೆಟ್ ಬರಲಿಲ್ಲ.

ಲ್ಯಾಪ್‌ಟಾಪಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ನಂಬರ್, ನೋಡಿ. 169.254 ಅಂತ ಶುರುವಾಗಿದ್ದರೆ ನಿಮ್ಮ ಲ್ಯಾಪ್‌ಟಾಪಿಗೆ ಯಾರೂ ವಿಳಾಸ ಕೊಟ್ಟಿಲ್ಲ, ಅದೇ ಇಟ್ಟುಕೊಂಡಿದೆ. ಆ ಕಡೆಯ ಸ್ವಿಚ್ಚು ರೌಟರಿಗೆ ಸೇರಿಲ್ಲದಿರಬಹುದು, ಕ್ಯಾಮರಾಗಳಿಗಾಗಿಯೇ ಬೇರೆ ಇಟ್ಟ ಸ್ವಿಚ್ ಇರಬಹುದು.

ಮೇಲೆ ಹನ್ನೆರಡು ಸಾಕೆಟ್, ಕೆಳಗೆ ಹನ್ನೆರಡು ಕೇಬಲ್ ತುದಿ. ಯಾವುದು ಯಾವುದಕ್ಕೆ?

ಇಲ್ಲಿಗೇ ಟೋನರ್ ಬೇಕು. ಎರಡು ತುಂಡಿನ ಸಾಧನ ಅದು. ಒಂದು ತುಂಡು ಸಾಕೆಟ್ಟಿನಲ್ಲಿ ಕೂತು ಕೇಬಲ್ಲಿಗೆ ಕುಂಯ್ ಕುಂಯ್ ಸದ್ದಿನ ಸಿಗ್ನಲ್ ಬಿಡುತ್ತದೆ. ಇನ್ನೊಂದು ಪೆನ್ನಿನಂಥದು, ಅದನ್ನು ಕೆಳಗಿನ ಕೇಬಲ್ ಕಟ್ಟಿನ ಮೇಲೆ ಆಡಿಸುತ್ತ ಹೋದರೆ ಸರಿಯಾದ ಕೇಬಲ್ ಹತ್ತಿರ ಕೂಗುತ್ತದೆ. ತಾಗಬೇಕಂತಿಲ್ಲ, ಹತ್ತಿರ ಬಂದರೆ ಸಾಕು.

ಹೊಸಬರು ಇಲ್ಲಿ ಮೂರು ತಪ್ಪು ಮಾಡುತ್ತಾರೆ. ಟೋನರಿನ ಎರಡೂ ಕ್ಲಿಪ್ಪನ್ನು ಒಂದೇ ಜೋಡಿಯ ಎರಡು ವೈರಿಗೆ ಹಚ್ಚುತ್ತಾರೆ. ಒಂದಕ್ಕೊಂದು ಹೆಣೆದ ಆ ಎರಡು ವೈರಿನಲ್ಲಿ ಒಂದರ ಸಿಗ್ನಲ್ಲನ್ನು ಇನ್ನೊಂದು ನುಂಗಿ ಸದ್ದು ಸಣ್ಣಗಾಗುತ್ತದೆ. ಎರಡು ಬೇರೆ ಬೇರೆ ಜೋಡಿಯ ಒಂದೊಂದು ವೈರಿಗೆ ಹಚ್ಚಿ, ಚೆನ್ನಾಗಿ ಕೇಳಿಸುತ್ತದೆ. ಎರಡನೆಯದು, ಆ ಕಡೆ ಕೇಬಲ್ ಸ್ವಿಚ್ಚಿಗೆ ಹಚ್ಚಿದ ಹಾಗೇ ಇರುತ್ತದೆ. ಹಳೆಯ ತರಹದ ಅನಲಾಗ್ ಟೋನರಿನ ಸದ್ದು ಸ್ವಿಚ್ಚಿನ ಪೋರ್ಟಿನಲ್ಲಿ ಇಂಗಿಹೋಗುತ್ತದೆ. ಡಿಜಿಟಲ್ ಟೋನರ್ ಇದ್ದರೆ ಸರಿ, ಇಲ್ಲದಿದ್ದರೆ ಕಿತ್ತು ನೋಡಿ. ಮೂರನೆಯದು, ಮೊದಲು ಕೂಗಿದ ಕೇಬಲ್ಲನ್ನೇ ಹಿಡಿದು ಗಂಟು ಹಾಕುತ್ತಾರೆ. ಬಿಗಿಯಾಗಿ ಕಟ್ಟಿದ ಕೇಬಲ್‌ಗಳಲ್ಲಿ ಪಕ್ಕದವೂ ಅದೇ ರಾಗ ಹಾಡುತ್ತವೆ. ವಿಜಯಪುರದ ಹುಡುಗನೊಬ್ಬ ನನ್ನ ಜೊತೆ ಕೆಲಸಕ್ಕೆ ಬಂದ ಮೊದಲ ದಿನ, "ಸರ್, ಇದು ಗೋಳಗುಮ್ಮಟ ಆತಲ್ರಿ, ಎಲ್ಲಾ ಕಡಿಂದ ಕೇಳಸಾಕತ್ತೇತಿ" ಅಂದ. ಕಟ್ಟು ಬಿಚ್ಚಿ, ಒಂದೊಂದನ್ನೇ ದೂರ ಸರಿಸಿ, ಎಲ್ಲಕ್ಕಿಂತ ಜೋರಾಗಿ ಕೂಗುವುದನ್ನು ಆರಿಸಬೇಕು.

ಟೋನರ್ ಇಲ್ಲವಾ? ಸ್ವಿಚ್ ಚಾಲೂ ಇದ್ದರೆ ಇಬ್ಬರು ಸಾಕು. ಒಬ್ಬರು ಮೇಲೆ ಲ್ಯಾಪ್‌ಟಾಪ್ ಹಚ್ಚಿ ಕೀಳುತ್ತ ಇರಲಿ, ಇನ್ನೊಬ್ಬರು ಕೆಳಗೆ ಸ್ವಿಚ್ಚಿನ ಯಾವ ಲೈಟ್ ಹತ್ತಿ ಆರುತ್ತದೆ ನೋಡಲಿ. ಮೊಬೈಲಿನಲ್ಲಿ ಮಾತಾಡುತ್ತ ಮಾಡಿ. "ಬಂತು", "ಹೋತು" ಅಷ್ಟೇ ಸಂಭಾಷಣೆ.

ಕೇಬಲ್ ಟೆಸ್ಟರ್‌ನಲ್ಲಿ ಎಂಟೂ ಲೈಟ್ ಸಾಲಾಗಿ ಬಂದವು. ಆದರೂ ಸ್ಪೀಡ್ ಇಲ್ಲ, ಯಾಕೆ?

ಕೆಲವು ನೂರು ರೂಪಾಯಿಯ ಎಂಟು ಲೈಟಿನ ಟೆಸ್ಟರ್ ಒಂದೇ ಪ್ರಶ್ನೆ ಕೇಳುತ್ತದೆ: ಈ ತುದಿಯ ಒಂದನೇ ಕಡ್ಡಿ ಆ ತುದಿಯ ಒಂದನೇ ಕಡ್ಡಿಗೆ ಸೇರಿದೆಯಾ? ಹೌದು ಅಂದರೆ ಲೈಟ್. ಯಾವ ವೈರು ಯಾವುದರ ಜೊತೆ ಹೆಣೆದಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಎರಡೂ ತುದಿಯಲ್ಲಿ ಒಂದೇ ರೀತಿ ತಪ್ಪಾಗಿ ಕೂರಿಸಿದ್ದರೆ ಟೆಸ್ಟರ್ ನಗುತ್ತದೆ, ನೆಟ್‌ವರ್ಕ್ ಅಳುತ್ತದೆ. ಬಿಳಿ-ನೀಲಿ, ನೀಲಿ, ಬಿಳಿ-ಕಿತ್ತಳೆ, ಕಿತ್ತಳೆ ಅಂತ ಜೋಡಿ ಜೋಡಿಯಾಗಿ ನೋಡಲು ಚೆಂದವಾಗಿ ಕೂರಿಸುವವರು ಇದ್ದಾರೆ. ಆಗ 3 ಮತ್ತು 6ನೇ ಕಡ್ಡಿಗೆ ಬೇರೆ ಬೇರೆ ಜೋಡಿಯ ವೈರು ಬಂದು, ಪಕ್ಕದ ವೈರಿನ ಗದ್ದಲ ತಡೆಯುವ ಹೆಣಿಗೆಯ ಲಾಭವೇ ಹೋಗುತ್ತದೆ.

ಸರಿಯಾದ ಕ್ರಮ, ನಮ್ಮಲ್ಲಿ ಹೆಚ್ಚಾಗಿ ಬಳಸುವ ಟಿ568ಬಿ ಪ್ರಕಾರ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟಿ568ಎ ಅಂದರೆ ಕಿತ್ತಳೆ ಮತ್ತು ಹಸಿರು ಜೋಡಿ ಜಾಗ ಬದಲಿಸುತ್ತವೆ. ಯಾವುದಾದರೂ ಸರಿ, ಎರಡೂ ತುದಿ ಒಂದೇ ಇರಲಿ. ಜ್ಯಾಕಿಗೆ ಕೂರಿಸುವಾಗ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಜಾಸ್ತಿ ಬಿಚ್ಚಬೇಡಿ.

ಸ್ಪೀಡ್ 94-95 ಮೆಗಾಬಿಟ್ ಹತ್ತಿರ ನಿಂತುಬಿಟ್ಟಿದೆಯಾ? ಆಗ ಲಿಂಕ್ 100ಕ್ಕೆ ಬಿದ್ದಿದೆ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಎಲ್ಲೋ ನೀಲಿ ಅಥವಾ ಕಂದು ಜೋಡಿಯ ಒಂದು ವೈರು ಕಡಿದಿರಬಹುದು. ಉಪಕರಣವೇ 100ರದ್ದೂ ಇರಬಹುದು, ಮೊದಲು ಅದನ್ನು ನೋಡಿ.

ಕೇಬಲ್ಲಿನ ವೈರನ್ನು ಬ್ಲೇಡಿನಿಂದ ಸ್ವಲ್ಪ ಕೆರೆದೂ ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ. ಅಗ್ಗಕ್ಕೆ ಸಿಗುತ್ತದೆ, ಬಾಗಿಸಿದರೆ ಮುರಿಯುತ್ತದೆ, ಪಿಒಇ ಕೊಟ್ಟರೆ ಬಿಸಿಯಾಗುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ.

ಗೋಡೆಯೊಳಗಿನ ಫೋನ್ ವೈರಿನಲ್ಲೇ ನೆಟ್‌ವರ್ಕ್ ಕೊಡಬಹುದಾ?

ವೈರಿನ ಮೇಲಿನ ಅಚ್ಚು ಓದಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಅಂತ ಇದ್ದರೆ ಅದು ನೆಟ್‌ವರ್ಕ್ ಕೇಬಲ್ಲೇ, ನಿಮ್ಮ ಅದೃಷ್ಟ. ಎರಡು ಜೋಡಿಯ ಸಾದಾ ಫೋನ್ ವೈರಾದರೆ ಆಸೆ ಬಿಡಿ. ಹಳೆಯದನ್ನು ದಾರ ಮಾಡಿಕೊಂಡು ಅದೇ ಪೈಪಿನಲ್ಲಿ ಹೊಸ ಕೇಬಲ್ ಎಳೆಯಿರಿ. ಶಹಾಪುರದ ಹಳೆಯ ವಾಡೆಗಳಲ್ಲಿ ಗೋಡೆ ಎಷ್ಟು ದಪ್ಪ ಅಂದರೆ ವೈಫೈ ಒಂದು ಕೋಣೆ ದಾಟುವುದೇ ಕಷ್ಟ, ಅಲ್ಲಿ ಇಂಥ ಒಂದು ಪೈಪ್ ಸಿಕ್ಕರೆ ಹಬ್ಬ.

ಕ್ಯಾಟ್ 5ಇ ಇದ್ದೂ ಮಾಲೆಯಾಗಿ ಹೋಗಿದ್ದರೆ? ಬಾಗಲಕೋಟೆಯ ನವನಗರದ ಒಂದು ಮನೆಯಲ್ಲಿ ಹೀಗೇ ಇತ್ತು. ಮೂರು ಕೋಣೆಗೆ ಒಂದೇ ಮಾಲೆ. ನಡುವಿನ ಡಬ್ಬಿಯಲ್ಲಿ ಎರಡು ಕೇಬಲ್ಲಿಗೂ ಬೇರೆ ಬೇರೆ ಜ್ಯಾಕ್ ಕೂರಿಸಿ, ಅಲ್ಲೇ ಒಂದು ಐದು ಪೋರ್ಟಿನ ಸಣ್ಣ ಸ್ವಿಚ್ ಇಟ್ಟೆವು. ಗೋಡೆ ಒಡೆಯುವುದು ತಪ್ಪಿತು. ಎರಡು ಕೇಬಲ್ಲನ್ನೂ ಒಂದೇ ಜ್ಯಾಕಿಗೆ ಕೂರಿಸಿದರೆ ಮಾತ್ರ ನಡೆಯುವುದಿಲ್ಲ, ಫೋನಿಗೆ ನಡೆಯುತ್ತದೆ, ಇದಕ್ಕಲ್ಲ.

ಒಂದೇ ಕೇಬಲ್ಲಿನಲ್ಲಿ ಫೋನೂ ನೆಟ್ಟೂ ಎರಡೂ?

100 ಮೆಗಾಬಿಟ್ ಸಾಕು ಅಂದರೆ ಆಗುತ್ತದೆ, ನೀಲಿ ಜೋಡಿ ಫೋನಿಗೆ ಬಿಟ್ಟು. ನಾನು ಮಾಡಿಕೊಡುವುದಿಲ್ಲ.

ಫೈಬರ್ ಬಂದಿದೆ. ಹಳೆಯ ಫೋನ್ ಪಾಯಿಂಟ್‌ಗಳಲ್ಲಿ ಮತ್ತೆ ಫೋನ್ ನಡೆಯುತ್ತದಾ?

ನಡೆಯುತ್ತದೆ. ಫೈಬರ್ ಡಬ್ಬಿಯ ಹಿಂದೆ ಫೋನ್ ಅಂತ ಬರೆದ ಸಣ್ಣ ಜ್ಯಾಕ್ ಇದ್ದರೆ, ಅಲ್ಲಿಂದ ಒಂದು ವೈರು ಗೋಡೆಯ ಹಳೆಯ ಸಾಕೆಟ್ಟಿಗೆ ಹಚ್ಚಿದರೆ ಇಡೀ ಮಾಲೆಗೆ ಟೋನ್ ಬರುತ್ತದೆ. ಆದರೆ ಅದಕ್ಕೂ ಮೊದಲು ಮನೆಯಿಂದ ಹೊರಗೆ ಕಂಬದ ಡಿಪಿ ಬಾಕ್ಸಿಗೆ (ಬೀದಿಯ ಫೋನ್ ಲೈನುಗಳು ಸೇರುವ ಡಬ್ಬಿ) ಹೋಗುವ ತಾಮ್ರದ ಜೋಡಿಯನ್ನು ಮನೆಯೊಳಗಿನ ವೈರಿನಿಂದ ಬಿಡಿಸಬೇಕು. ಬಿಡಿಸಿ ಮೀಟರ್ ಹಿಡಿದು ಒಳಗಿನ ಮಾಲೆಯಲ್ಲಿ ಸೊನ್ನೆ ಬಂದ ಮೇಲೆಯೇ ಹಚ್ಚಿ. ಹೊರಗಿನ 48 ಇನ್ನೂ ಜೀವಂತ ಇದ್ದರೆ ಹೊಸ ಡಬ್ಬಿ ಸುಡಬಹುದು.

ಹಸಿರು ಮೂತಿಯ ಫೈಬರ್ ಪ್ಲಗ್ ಕಿತ್ತು ಒಳಗೆ ಇಣುಕಬೇಡಿ. ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣಿಗೆ ತಾಗುತ್ತದೆ.

ದುಂಡಗೆ, ಸುತ್ತ ಸ್ಕ್ರೂವಿನಂಥ ಗೆರೆ ಇರುವ ಸಾಕೆಟ್ ಯಾವುದು?

ಟಿವಿ ಕೇಬಲ್ಲಿನದು. ಬಿಟ್ಟುಬಿಡಿ.

ಮಳೆಗಾಲದಲ್ಲಿ ಮಾತ್ರ ಫೋನ್ ಕರಕರ ಅನ್ನುತ್ತದೆ. ಸಾಕೆಟ್ ತೊಂದರೆನಾ?

ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ಜುಲೈನಲ್ಲಿ ಗೋಡೆಯೇ ಬೆವರುತ್ತದೆ. ವೈರಿನ ಜಾಯಿಂಟಿಗೆ ತೇವ ಸೇರಿ ಹಸಿರು ಪಾಚಿಯಂಥ ತುಕ್ಕು ಕೂತಿರುತ್ತದೆ. ಹೊರಗಿನ ಲೈನು ಮನೆಗೆ ಬರುವ ಮೊದಲ ಡಬ್ಬಿಯಲ್ಲೇ, ಒಳಗಿನ ಎಲ್ಲ ವೈರು ಬಿಡಿಸಿ, ಫೋನ್ ಹಚ್ಚಿ ಕೇಳಿ. ಅಲ್ಲೂ ಕರಕರ ಇದ್ದರೆ ತೊಂದರೆ ಹೊರಗೆ, ಲೈನ್‌ಮನ್ ಕರೆಯಿರಿ. ಇಲ್ಲದಿದ್ದರೆ ಒಳಗಿನ ಮಾಲೆಯಲ್ಲಿ ಒಂದೊಂದೇ ಕೋಣೆ ಸೇರಿಸುತ್ತ ಬನ್ನಿ, ಯಾವುದನ್ನು ಸೇರಿಸಿದಾಗ ಸದ್ದು ಬಂತೋ ಅದೇ. ವಿಜಯಪುರದಲ್ಲಿ ತೊಂದರೆ ಬೇರೆ ತರಹ. ಒಳಮನೆಗೆ ಮಾಡಿದ ಬೂದು ಬಣ್ಣದ ಕೇಬಲ್ಲನ್ನು ಮಾಳಿಗೆಯ ಬಿಸಿಲಿಗೆ ಬಿಟ್ಟಿರುತ್ತಾರೆ, ಮೇಲಿನ ಸಿಪ್ಪೆ ಒಡೆದು ಉದುರುತ್ತದೆ. ಹೊರಗೆ ಕಪ್ಪು ಸಿಪ್ಪೆಯ ಹೊರಾಂಗಣ ಕೇಬಲ್ಲೇ ಹಾಕಿ.

ಎಲ್ಲ ಪತ್ತೆ ಆಯಿತು. ಸಾಕೆಟ್ ಮೇಲೆ ಏನಂತ ಬರೆಯಲಿ?

"ಇಂಟರ್ನೆಟ್", "ಫೋನ್" ಅಂತ ಬರೆಯಬೇಡಿ. ನಾಳೆ ಅದು ಬದಲಾಗುತ್ತದೆ, ಚೀಟಿ ಸುಳ್ಳಾಗುತ್ತದೆ. ಕೇಬಲ್ ಮಾತ್ರ ಬದಲಾಗುವುದಿಲ್ಲ, ಅದಕ್ಕೇ ಒಂದು ನಂಬರ್ ಕೊಡಿ. ಸಾಕೆಟ್ಟಿನ ಮೇಲೆ 7, ಕೆಳಗಿನ ತುದಿಯಲ್ಲೂ 7. ಏಳನೆಯದು ಈಗ ಯಾವುದಕ್ಕೆ ಹಚ್ಚಿದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಮೀಟರ್ ಬಾಕ್ಸಿನ ಬಾಗಿಲ ಒಳಗೆ ಅಂಟಿಸಿ. ಬಾಲ್‌ಪೆನ್ ಬೇಡ, ಎರಡು ಬೇಸಿಗೆಗೆ ಮಾಸುತ್ತದೆ. ಪೆನ್ಸಿಲ್ ಆದರೆ ಉಳಿಯುತ್ತದೆ.